ತಮಾಷೆಯ ಸಂಗತಿ ಕಳಿಸಿದರೆ ಗೆಳೆಯರು ಬರೀ ಹೆಬ್ಬೆರಳು ಎತ್ತುತ್ತಾರೆ, ಏನು ಮಾಡಲಿ?

ನೀಲಿ ಪೆನ್ನು:

ನಮ್ಮದೊಂದು ಚಿಕ್ಕ ಗುಂಪು, ಒಂಬತ್ತು ಜನ. ಎಲ್ಲರ ಪರಿಚಯ ಆಗಿದ್ದು ಆನ್‌ಲೈನಿನಲ್ಲೇ. ಇಬ್ಬರನ್ನು ಬಿಟ್ಟರೆ ಉಳಿದವರ ಮುಖ ಕೂಡ ನೋಡಿಲ್ಲ. ರಾತ್ರಿ ಮಲಗುವ ಮುಂಚೆ ಅರ್ಧ ಗಂಟೆ ಇಂಟರ್ನೆಟ್ಟಿನಲ್ಲಿ ಅಲೆಯುವುದು ನನ್ನ ಚಟ. ಸಿಕ್ಕಿದ್ದನ್ನು ಗುಂಪಿಗೆ ಹಾಕುವುದು ಎರಡನೇ ಚಟ.

ಮೊದಮೊದಲು ಒಂದು ಹಾಕಿದರೆ ಮಧ್ಯರಾತ್ರಿವರೆಗೂ ಮಾತು ನಡೆಯುತ್ತಿತ್ತು. ಈಗ ಬರುವುದು ಹೆಬ್ಬೆರಳು. ಅದೂ ಮೂರು. ಮೊನ್ನೆ ಒಂದು ಹೆಬ್ಬೆರಳು ವಿಡಿಯೊ ಹಾಕಿದ ನಾಲ್ಕೇ ಸೆಕೆಂಡಿಗೆ ಬಂತು. ವಿಡಿಯೊ ಆರು ನಿಮಿಷದ್ದು.

ಇದರ ಮೇಲೆ ಕಳೆದ ವಾರ ಮರ್ಯಾದೆ ಬೇರೆ ಹೋಯಿತು. ನೀರು ತುಂಬಿದ ಹೆದ್ದಾರಿಯಲ್ಲಿ ಕಾರಿನ ಪಕ್ಕದಲ್ಲೇ ಶಾರ್ಕ್ ಈಜುತ್ತಿರುವ ಫೋಟೋ ಸಿಕ್ಕಿತ್ತು. 'ನಿನ್ನೆಯದು, ನೋಡಿ!' ಅಂತ ನನ್ನದೂ ಒಂದು ಒಗ್ಗರಣೆ ಸೇರಿಸಿ ಹಾಕಿದೆ. ಗುಂಪಿನಲ್ಲಿ ಒಬ್ಬರಿದ್ದಾರೆ, ಬಾಯಿಯೇ ಬಿಡುವವರಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಬರೆದರು: 'ಈ ಶಾರ್ಕ್ ಇನ್ನೂ ಸತ್ತಿಲ್ವಾ?'

ಈಚೆಗೆ ಒಂದೇ ಒಂದು ಸಲ ಗುಂಪು ಎದ್ದು ಕೂತಿದ್ದು ನೆನಪಿದೆ. ಕಾರಿನ ಇಂಧನದ ಮುಳ್ಳಿನ ಹತ್ತಿರ ಪಂಪಿನ ಚಿತ್ರ ಇರುತ್ತಲ್ಲ, ಅದರ ಪಕ್ಕದಲ್ಲೊಂದು ಪುಟ್ಟ ತ್ರಿಕೋನ. ಟ್ಯಾಂಕಿನ ಮುಚ್ಚಳ ಯಾವ ಕಡೆ ಇದೆ ಅಂತ ಅದು ತೋರಿಸುತ್ತದೆ. ಫೋರ್ಡ್ ಕಂಪನಿಯಲ್ಲಿದ್ದ ಜಿಮ್ ಮಾಯ್ಲನ್ ಅನ್ನುವವರು 1986ರಲ್ಲಿ ಒಂದು ದಿನ ತಪ್ಪು ಕಡೆ ಕಾರು ನಿಲ್ಲಿಸಿ ಮಳೆಯಲ್ಲಿ ನೆನೆದರಂತೆ. ವಾಪಸ್ ಬಂದು ಇದನ್ನು ಹಾಕೋಣ ಅಂತ ಬರೆದುಕೊಟ್ಟರು. ನಾನು ಇದನ್ನು ಹಾಕಿದ ಹತ್ತು ನಿಮಿಷಕ್ಕೆ ಒಬ್ಬರು ರಾತ್ರಿ ಉಡುಪಿನಲ್ಲೇ ಕೆಳಗಿಳಿದು ಹೋಗಿ ತಮ್ಮ ಕಾರಿನ ಫೋಟೋ ಕಳಿಸಿದರು. 'ಹನ್ನೆರಡು ವರ್ಷದಿಂದ ಓಡಿಸ್ತಿದ್ದೀನಿ, ಕಂಡೇ ಇರಲಿಲ್ಲ!'

ಅದು ಯಾಕೆ ಓಡಿತು, ಬೇರೆಯವೆಲ್ಲ ಯಾಕೆ ಮಲಗಿದವು? ನೀವೆಲ್ಲ ಗೆಳೆಯರಿಗೆ ಏನು ಕಳಿಸುತ್ತೀರಿ, ಹೇಗೆ ಕಳಿಸುತ್ತೀರಿ?

ಕತ್ತೆಬಾಲ:

ದಿನಕ್ಕೆ ಎಷ್ಟು ಹಾಕುತ್ತೀರಿ?

ನೀಲಿ ಪೆನ್ನು:

ಎಣಿಸಿ ನೋಡಿದೆ. ನಿನ್ನೆ ಹನ್ನೊಂದು.

ಕತ್ತೆಬಾಲ:

ಸರಿ. ನನ್ನ ಉತ್ತರ ಮುಗಿಯಿತು.

ಹಳೇ ಮೊಡೆಮ್:

ನಿಮ್ಮ ಶಾರ್ಕ್ ನನಗೆ ಹಳೇ ಗೆಳೆಯ, ಅದರ ಬಗ್ಗೆ ಎರಡು ಮಾತು.

ಮೂಲ ಫೋಟೋ ಥಾಮಸ್ ಪೆಷಾಕ್ ದಕ್ಷಿಣ ಆಫ್ರಿಕಾದ ಕಡಲಲ್ಲಿ ತೆಗೆದದ್ದು. ಹಳದಿ ದೋಣಿಯಲ್ಲಿ ಒಬ್ಬ ಕೂತು ಹಿಂದೆ ತಿರುಗಿ ನೋಡುತ್ತಿದ್ದಾನೆ, ಬೆನ್ನ ಹಿಂದೆಯೇ ಶಾರ್ಕ್. ಯಾರೋ ಆ ಶಾರ್ಕನ್ನು ಕತ್ತರಿಸಿ ರಸ್ತೆಯ ನೀರಿಗೆ ಬಿಟ್ಟರು. 2011ರಲ್ಲಿ ಐರೀನ್ ಚಂಡಮಾರುತ ಬಂದಾಗ ಅದು ಪೋರ್ಟೊ ರಿಕೊದ ರಸ್ತೆಯಲ್ಲಿ ಈಜಿತು. 2017ರಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್‌ನಲ್ಲಿ ಈಜಿತು. ಎಲ್ಲಿ ನೆರೆ ಬಂದರೂ ಅಲ್ಲಿಗೆ ಹಾಜರ್. ನೀವು ಮೊದಲು ಆ ಫೋಟೋವನ್ನೇ ಕೊಟ್ಟು ಹುಡುಕಿದ್ದರೆ ಹಳದಿ ದೋಣಿ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು.

ಆದರೆ ನನಗೆ ಇಷ್ಟ ಆಗಿದ್ದು ಮುಂದಿನ ಕತೆ. 2022ರಲ್ಲಿ ಇಯಾನ್ ಚಂಡಮಾರುತದ ಸಮಯ. ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಿಂದ ಒಂದು ವಿಡಿಯೊ ಬಂತು. ಮನೆಗಳ ಹತ್ತಿರ ನಿಂತ ನೀರಿನಲ್ಲಿ ಮೀನಿನಂಥ ಈಜುರೆಕ್ಕೆ ಇರುವ ಏನೋ ಒಂದು ಒದ್ದಾಡುತ್ತಿದೆ. ಎಲ್ಲರೂ ಬುದ್ಧಿವಂತರಾಗಿಬಿಟ್ಟಿದ್ದರಲ್ಲ, 'ಅದೇ ಹಳೇ ಶಾರ್ಕ್' ಅಂತ ನಕ್ಕರು. ನಾನೂ ನಕ್ಕೆ. ಸುದ್ದಿ ಸಂಸ್ಥೆಯವರು ಪರಿಶೀಲಿಸಿದರೆ ವಿಡಿಯೊ ನಿಜವೇ! ಅವತ್ತೇ ಅಲ್ಲೇ ತೆಗೆದದ್ದು. ಹಾಗಾಗಿ ಆ ಬಾಯಿ ಬಿಡದವರಿಗೆ ಈ ವಿಡಿಯೊ ಕಳಿಸಿ. ಬಡ್ಡಿ ಸಮೇತ ತೀರುತ್ತದೆ.

ಮೂರನೇ ಬೆಂಚು:

ನಾನು ಲಿಂಕ್ ಹಾಕುವುದನ್ನೇ ಬಿಟ್ಟೆ. ಬರೀ ಪ್ರಶ್ನೆ ಹಾಕುತ್ತೇನೆ.

ಹೋದ ತಿಂಗಳು ಹಾಕಿದ್ದು ಇದು: ಇಮೇಲ್ ವಿಳಾಸದ ಮಧ್ಯೆ ಬರುವ ಅಟ್ ಚಿಹ್ನೆ ನೋಡಿದರೆ ನಿಮಗೆ ಯಾವ ಪ್ರಾಣಿ ನೆನಪಾಗುತ್ತದೆ? ಅಷ್ಟೇ ಬರೆದು ಫೋನ್ ಬದಿಗಿಟ್ಟೆ. ವಾಪಸ್ ನೋಡುವಷ್ಟರಲ್ಲಿ ಜಗಳವೇ ಶುರುವಾಗಿತ್ತು. ಸುರುಳಿ ಸುತ್ತಿ ಮಲಗಿದ ಬೆಕ್ಕು ಅಂತ ಇಬ್ಬರು, ಹಾವು ಅಂತ ಒಬ್ಬರು, ಜಿಲೇಬಿ ಪ್ರಾಣಿ ಅಲ್ವಾ ಅಂತ ಇನ್ನೊಬ್ಬರು.

ಆಮೇಲೆ ನಿಧಾನಕ್ಕೆ ಬಿಚ್ಚಿದೆ. ರಷ್ಯನ್ನರು ಅದನ್ನು ನಾಯಿ ಅನ್ನುತ್ತಾರೆ. ಇಟಲಿಯವರಿಗೆ ಬಸವನಹುಳು. ಡಚ್ಚರಿಗೆ ಕೋತಿಬಾಲ. ಡೆನ್ಮಾರ್ಕಿನವರಿಗೆ ಸೊಂಡಿಲು ಇರುವ ಎ. ಗ್ರೀಕರಿಗೆ ಬಾತುಮರಿ, ಹಂಗೇರಿಯವರಿಗೆ ಹುಳ. ಇಮೇಲ್ ರೂಪಿಸಿದ ಎಂಜಿನಿಯರ್ ರೇ ಟಾಮ್‌ಲಿನ್ಸನ್ 1971ರಲ್ಲಿ ವಿಳಾಸದ ಮಧ್ಯೆ ಆ ಚಿಹ್ನೆ ಇಟ್ಟರು, ಹೆಸರಿನಲ್ಲಿ ಬರುವ ಅಕ್ಷರ ಅಲ್ಲದ್ದು ಬೇಕಿತ್ತು ಅಂತ. ಪಾಪ, ಒಂದು ಮೃಗಾಲಯವೇ ಆಗುತ್ತದೆ ಅಂತ ಅಂದುಕೊಂಡಿರಲಿಕ್ಕಿಲ್ಲ.

ಆರನೇ ನಿಮಿಷದಲ್ಲಿ ಸಿಗುವ ಮಜಾ ಏನು ಅಂತ ನೀವೇ ಎರಡು ಸಾಲಿನಲ್ಲಿ ಬರೆಯಿರಿ. ಆರು ನಿಮಿಷದ ವಿಡಿಯೊ ನಾನೂ ನೋಡುವುದಿಲ್ಲ.

ದಾರದುಂಡೆ:

ಆ ತ್ರಿಕೋನ ಓಡಿದ್ದು ಯಾಕೆ ಅಂತ ಕೇಳಿದಿರಿ. ಎದ್ದು ಹೋಗಿ ನೋಡಬಹುದಿತ್ತು, ಅದಕ್ಕೆ. ಶಾರ್ಕನ್ನು ಯಾರು ಎದ್ದು ಹೋಗಿ ನೋಡಲಿ?

ನಿಮಗೆ ಅಂಥದ್ದೇ ಒಂದು ಕೊಡುತ್ತೇನೆ. ಇಯರ್‌ಫೋನ್ ವೈರನ್ನು ನೀಟಾಗಿ ಸುತ್ತಿ ಜೇಬಿಗೆ ಹಾಕಿ, ಹೊರಗೆ ತೆಗೆದರೆ ಗಂಟು. ಯಾರೋ ಒಳಗೆ ಕೂತು ಹಾಕಿದ ಹಾಗೆ. ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಅನ್ನುವ ಇಬ್ಬರು ಇದನ್ನೇ ಹಿಡಿದು ಕೂತರು. ಒಂದು ಪೆಟ್ಟಿಗೆಗೆ ದಾರ ಹಾಕುವುದು, ಸೆಕೆಂಡಿಗೊಂದು ಸುತ್ತಿನ ಹಾಗೆ ಹತ್ತು ಸುತ್ತು ತಿರುಗಿಸುವುದು, ತೆರೆದು ನೋಡುವುದು. ಹೀಗೆ 3,415 ಸಲ! 2007ರಲ್ಲಿ ಪ್ರಕಟಿಸಿದರು, ಮರುವರ್ಷ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಅವರಿಗೆ ಕಂಡಿದ್ದು ಇಷ್ಟು. ದಾರ 46 ಸೆಂಟಿಮೀಟರಿಗಿಂತ ಗಿಡ್ಡ ಇದ್ದರೆ ಗಂಟೇ ಬೀಳುವುದಿಲ್ಲ. ಅಲ್ಲಿಂದ ಒಂದೂವರೆ ಮೀಟರಿನವರೆಗೆ ಗಂಟು ಬೀಳುವುದು ಜಾಸ್ತಿ ಆಗುತ್ತಾ ಹೋಗುತ್ತದೆ. ಆಮೇಲೆ ಎಷ್ಟು ಉದ್ದ ಮಾಡಿದರೂ ಎರಡು ಸಲಕ್ಕೆ ಸುಮಾರು ಒಂದು ಗಂಟು ಅನ್ನುವಲ್ಲಿಗೆ ನಿಂತುಬಿಡುತ್ತದೆ. ಬಿರುಸಾದ ದಾರಕ್ಕೆ ಗಂಟು ಕಡಿಮೆ.

ಕಾರಣ ಸರಳ. ಒಳಗೆ ದಾರ ಸುರುಳಿಯಾಗಿ ಬಿದ್ದಿರುತ್ತದೆ, ಹಲವು ಎಳೆಗಳು ಅಕ್ಕಪಕ್ಕ. ತುದಿ ಮಾತ್ರ ಬಿಡುವಾಗಿರುತ್ತದೆ. ಅಲುಗಾಡಿಸಿದಾಗ ಅದು ಪಕ್ಕದ ಎಳೆಯ ಮೇಲೆ, ಅದರ ಮುಂದಿನದರ ಕೆಳಗೆ ಅಂತ ನುಸುಳುತ್ತಾ ಹೋಗುತ್ತದೆ, ಜಡೆ ಹೆಣೆದ ಹಾಗೆ. ಹೀಗೆ ಕೆಲವು ಸಲ ನುಸುಳಿದರೆ ಮುಗಿಯಿತು, ಗಂಟು.

ಇದನ್ನು ಸುಮ್ನೆ ಬರೆದು ಹಾಕಬೇಡಿ. ಮೊದಲು ನೀವೇ ಮಾಡಿ.

ನೀಲಿ ಪೆನ್ನು:

ಮಾಡಿದೆ! ಚಪ್ಪಲಿ ತಂದ ರಟ್ಟಿನ ಡಬ್ಬ, ಎರಡು ಮೀಟರ್ ಹತ್ತಿದಾರ, ಹತ್ತು ಎಣಿಸುವವರೆಗೆ ತಿರುಗಿಸುವುದು. ಮೊದಲ ನಾಲ್ಕು ಸಲ ಏನೂ ಇಲ್ಲ. ದಾರದುಂಡೆಯವರನ್ನು ಬೈದುಕೊಂಡೆ. ಐದನೇ ಸಲ ಮುಚ್ಚಳ ತೆಗೆದು ಎರಡು ತುದಿ ಹಿಡಿದು ಎಳೆದರೆ ನಡುವಲ್ಲಿ ಪುಟ್ಟ ಗಂಟು, ಅಚ್ಚುಕಟ್ಟಾಗಿ ಕೂತಿದೆ. ಬಿಚ್ಚಲು ಉಗುರು ಬೇಕಾಯಿತು. ಇಪ್ಪತ್ತರಲ್ಲಿ ಏಳು ಸಲ ಬಿತ್ತು. ಗಿಡ್ಡ ದಾರದಲ್ಲಿ ಒಂದೂ ಇಲ್ಲ.

ಗುಂಪಿಗೆ ಲಿಂಕ್ ಹಾಕಲಿಲ್ಲ. ಡಬ್ಬದ ಫೋಟೋ ಹಾಕಿ, 'ಇಪ್ಪತ್ತಕ್ಕೆ ಏಳು. ನಿಮ್ಮದು?' ಅಂತ ಬರೆದೆ. ಅವತ್ತಿಗೆ ಅದೊಂದೇ, ಕತ್ತೆಬಾಲ ಅವರು ಗಮನಿಸಬೇಕು. ಒಬ್ಬರು ಫೋನ್ ಚಾರ್ಜರ್ ವೈರಿನಲ್ಲಿ ಮಾಡಿ ಮೂರು ಅಂದರು. ವೈರ್ ಬಿರುಸು, ಅದಕ್ಕೇ ಇರಬೇಕು. ಇನ್ನೊಬ್ಬರ ಮಗಳು ಡಬ್ಬವನ್ನು ಬಿಡಲೇ ಇಲ್ಲವಂತೆ, ಲೆಕ್ಕ ತಪ್ಪಿತು.

ರಾತ್ರಿ ಹನ್ನೊಂದೂವರೆಗೆ ಆ ಬಾಯಿ ಬಿಡದವರಿಂದ ಒಂದು ಫೋಟೋ ಬಂತು. ಕಾಗದದ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದ್ದಾರೆ. ಐವತ್ತು ಸಲ, ಇಪ್ಪತ್ತಮೂರು ಗಂಟು. ಕೆಳಗೆ ಬರೆದಿದ್ದಾರೆ: 'ನೀವು ಡಬ್ಬ ಸರಿಯಾಗಿ ತಿರುಗಿಸ್ತಿಲ್ಲ.'