ಪದಚರ್ಚೆ: ಎಸ್‌ಯುವಿಗೆ ‘ಫ್ಯಾಕ್ಟರಿ ನ್ಯಾವಿಗೇಷನ್’ ಹಾಕಿ ‘ಪ್ರೋಗ್ರಾಂ’ ಮಾಡುವುದಕ್ಕೆ ಏನನ್ನೋಣ? (ತುರ್ತು)

ನಮಸ್ಕಾರ ಎಲ್ಲರಿಗೂ.

ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕಾದ ಕೈಪಿಡಿಯೊಂದರ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಇಷ್ಟೇ. ಎಸ್‌ಯುವಿಯ ಕೆಳದರ್ಜೆಯ ಮಾಡೆಲ್ ತೆಗೆದುಕೊಂಡವರು, ಮೇಲ್ದರ್ಜೆಯ ಮಾಡೆಲ್‌ಗೆ ಕಂಪನಿಯವರೇ ಕೊಡುವ ನ್ಯಾವಿಗೇಷನ್ ಸೆಟ್ಟನ್ನು ಆಮೇಲೆ ತಮ್ಮ ಗಾಡಿಗೂ ಹಾಕಿಸಿಕೊಳ್ಳುವುದು ಹೇಗೆ ಅಂತ. ಹಳೆಯ ರೇಡಿಯೋ ಬಿಚ್ಚುವುದು, ಹೊಸ ಸೆಟ್ ಕೂರಿಸುವುದು, ಆಂಟೆನಾ ವೈರ್ ಎಳೆಯುವುದು, ಕೊನೆಗೆ ಅದನ್ನು ‘ಪ್ರೋಗ್ರಾಂ’ ಮಾಡುವುದು.

ಹಿಂದೆ ಯಾರೋ ಮಾಡಿಟ್ಟ ಅನುವಾದದಲ್ಲಿ ತಲೆಬರಹ ಹೀಗಿದೆ: ‘ಕಾರ್ಖಾನೆ ಸಂಚರಣಾ ವ್ಯವಸ್ಥೆಯ ಅನುಸ್ಥಾಪನೆ ಮತ್ತು ಕ್ರಮವಿಧೀಕರಣ’. ಓದಿಯೇ ಸುಸ್ತಾಯಿತು. ಇದನ್ನು ಓದಿ ಸ್ಕ್ರೂ ಬಿಚ್ಚುವವರು ಯಾರು? ಚಿಕ್ಕದಾಗಿ, ಓದಿದ ಕೂಡಲೇ ಗೊತ್ತಾಗುವ ಹಾಗೆ ಏನಾದರೂ ಹೇಳಿ. ‘ಫ್ಯಾಕ್ಟರಿ’, ‘ನ್ಯಾವಿಗೇಷನ್’, ‘ಇನ್‌ಸ್ಟಾಲ್’, ‘ಪ್ರೋಗ್ರಾಂ’, ಈ ನಾಲ್ಕು ಬಗೆಹರಿದರೆ ಸಾಕು.

ಮರು:

‘ಕಾರ್ಖಾನೆ ಸಂಚರಣೆ’ ಅಂದರೆ ಕಾರ್ಖಾನೆಯೊಳಗೆ ಅಡ್ಡಾಡುವುದು. ಮೊದಲು ಅದನ್ನು ಕಿತ್ತುಹಾಕಿ.

‘ಕಾರ್ಖಾನೆಯಲ್ಲಿ ಅಳವಡಿಸಿದ’ ಅಂತಲೂ ಬರೆಯಬೇಡಿ. ಅಲ್ಲೇ ಅಳವಡಿಸಿದ್ದರೆ ನಿಮ್ಮ ಕೈಪಿಡಿ ಯಾಕೆ ಬೇಕು? ಇಲ್ಲಿ ‘ಫ್ಯಾಕ್ಟರಿ’ ಅನ್ನುವುದು ಜಾಗದ ಹೆಸರಲ್ಲ, ಸೆಟ್ಟಿನ ಜಾತಿ. ಗಾಡಿ ಮಾಡಿದವರದೇ ಸೆಟ್, ಹೊರಗಿನದಲ್ಲ ಅಂತ ಅರ್ಥ. ಜನ ಇದನ್ನು ‘ಕಂಪನಿದು’ ಅಂತಾರೆ. ‘ಕಂಪನಿ ಸೆಟ್’ ಅನ್ನಿ, ಮುಗಿಯಿತು. ನ್ಯಾವಿಗೇಷನ್ ಹಾಗೇ ಇರಲಿ, ಪರದೆಯ ಮೇಲಿನ ಬಟನ್ ಕೂಡ ಅದನ್ನೇ ಹೇಳುತ್ತದೆ.

ಮರು:

ನ್ಯಾವಿಗೇಷನ್ ಹಾಗೇ ಇರಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ ಇದೆ, ಆದರೆ ಕಾರಣ ಬೇರೆ. ಅದು ನಮ್ಮದೇ ಪದ. ಸಂಸ್ಕೃತದ ‘ನವಗತಿ’ ಹಡಗಿನವರ ಬಾಯಲ್ಲಿ ಪಶ್ಚಿಮಕ್ಕೆ ಹೋಗಿ ‘ನ್ಯಾವಿಗೇಷನ್’ ಆಯಿತು. ಹಾಗಾಗಿ ‘ನವಗತಿ ವ್ಯವಸ್ಥೆ’ ಅಂತ ಧೈರ್ಯವಾಗಿ ಅಚ್ಚು ಹಾಕಬಹುದು. ಕಳೆದುಕೊಂಡದ್ದನ್ನು ವಾಪಸ್ ತಂದ ಹಾಗೂ ಆಗುತ್ತದೆ.

ಮರು:

> ಸಂಸ್ಕೃತದ ‘ನವಗತಿ’

ಇಲ್ಲ. ಈ ಮಾತು ವರ್ಷಕ್ಕೊಮ್ಮೆ ಇಲ್ಲಿಗೆ ಬಂದೇ ಬರುತ್ತದೆ. ನ್ಯಾವಿಗೇಷನ್ ಬಂದದ್ದು ಲ್ಯಾಟಿನ್ನಿನ ‘ನಾವಿಸ್’ (ಹಡಗು) ಮತ್ತು ‘ಅಗೆರೆ’ (ನಡೆಸು) ಸೇರಿ. ಲ್ಯಾಟಿನ್ನಿನ ‘ನಾವಿಸ್’ಗೂ ಸಂಸ್ಕೃತದ ‘ನೌ’ಗೂ ನಂಟಿದೆ, ನಿಜ. ಅದು ಒಂದೇ ತಾಯಿಬೇರಿನ ನಂಟು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಮೇಲಾಗಿ ‘ನವಗತಿ’ ಅಂದರೆ ಹೊಸ ಗತಿ ಅಥವಾ ಒಂಬತ್ತು ಗತಿ. ಹಡಗು ಅದರಲ್ಲಿ ಎಲ್ಲಿದೆ? ‘ನೌ’ ಇದ್ದರೆ ‘ನೌಗತಿ’ ಆಗಬೇಕಿತ್ತು.

ಇನ್ನು ಎಸ್‌ಯುವಿಗೆ ಹಡಗಿನ ಪದ ಯಾಕೆ ಅಂತ ಕೇಳಿದರೆ ಅದು ಬೇರೆ ಪ್ರಶ್ನೆ. ಕೆಲವು ಎಸ್‌ಯುವಿಗಳ ಗಾತ್ರ ನೋಡಿದರೆ ತಪ್ಪೇನೂ ಕಾಣುವುದಿಲ್ಲ.

ಮರು:

ಲ್ಯಾಟಿನ್, ಸಂಸ್ಕೃತ ಅಂತ ನೀವಿಬ್ಬರೂ ಹೊಡೆದಾಡುತ್ತಿದ್ದೀರಿ, ಕನ್ನಡ ಎಲ್ಲಿ ಹೋಯಿತು? ‘ದಾರಿತೋರುಕ’ ಅನ್ನಲು ಏನು ಕಷ್ಟ? ದಾರಿ ನಮ್ಮದು, ತೋರು ನಮ್ಮದು, ಮಗುವಿಗೂ ಗೊತ್ತಾಗುತ್ತದೆ. ‘ಇನ್‌ಸ್ಟಾಲ್’ಗೆ ‘ಕೂರಿಸು’. ‘ಪ್ರೋಗ್ರಾಂ’ಗೆ ‘ಹಮ್ಮುಗೆ’. ಎಸ್‌ಯುವಿ ಬಿಟ್ಟು ‘ಬಂಡಿ’ ಅನ್ನಿ. ‘ಬಂಡಿಗೆ ದಾರಿತೋರುಕ ಕೂರಿಸಿ ಹಮ್ಮುಗೆಗೊಳಿಸುವುದು’. ಎಷ್ಟು ಚೆನ್ನಾಗಿದೆ ನೋಡಿ.

ಯಾರಾದರೂ ‘ದಾರಿಸೂಚಕ’, ‘ದಾರಿದರ್ಶಕ’ ಅಂತ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ. ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟು ಹಾಕಬಾರದು ಅಂತ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ್ದಾನೆ.

ಮರು:

ಕೇಶಿರಾಜನೇ ಬಿರುದುಗಳಿಗೆಲ್ಲ ರಿಯಾಯಿತಿ ಕೊಟ್ಟಿದ್ದಾನೆ, ಅದನ್ನೂ ಓದಿ. ‘ದಾರಿದೀಪ’ ಏನು ಮತ್ತೆ? ದಾರಿ ಕನ್ನಡ, ದೀಪ ಸಂಸ್ಕೃತ. ಇಷ್ಟು ವರ್ಷ ಯಾರೂ ಅದಕ್ಕೆ ಎಡವಿಲ್ಲ.

‘ಹಮ್ಮುಗೆಗೊಳಿಸುವುದು’ ಓದಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ‘ಬಂಡಿ’ ಅಂದರೆ ಎತ್ತು ಹುಡುಕುತ್ತಾರೆ. ನಾಳೆ ಬೆಳಗ್ಗೆ ಅಚ್ಚು, ಭಾಷಾ ಸುಧಾರಣೆ ಅಲ್ಲ.

ಮರು:

ಪದಗಳ ಜಗಳ ನಿಮಗಿರಲಿ, ನಾನು ದಿನವೂ ಈ ಕೆಲಸವನ್ನೇ ಮಾಡುವವನು. ನೀವೆಲ್ಲ ‘ಪ್ರೋಗ್ರಾಂ’ ಅನ್ನುವುದನ್ನು ಒಂದೇ ಕೆಲಸ ಅಂದುಕೊಂಡಿದ್ದೀರಿ. ಅಲ್ಲಿ ಮೂರು ಕೆಲಸ ಇವೆ, ಮೂರಕ್ಕೂ ಒಂದೇ ಪದ ಹಾಕಿದರೆ ಕೈಪಿಡಿ ಓದಿದವನು ಗಾಡಿ ಕೆಡಿಸುತ್ತಾನೆ.

ಸೆಟ್ ಕೂರಿಸಿದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚುತ್ತೇವೆ. ಸೆಟ್ಟಿನೊಳಗಿನ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಹೊಸದನ್ನು ತುಂಬುತ್ತೇವೆ, ಇದಕ್ಕೆ ಫ್ಲಾಶ್ ಮಾಡುವುದು ಅಂತೀವಿ. ತುಂಬುತ್ತಿರುವಾಗ ಬ್ಯಾಟರಿ ಇಳಿದರೆ ಸೆಟ್ ಕೆಟ್ಟು ಕೂರುತ್ತದೆ, ಅದಕ್ಕೇ ಚಾರ್ಜರ್ ಹಾಕಿಟ್ಟುಕೊಂಡೇ ಶುರು ಮಾಡುವುದು.

ಆಮೇಲೆ ಕೋಡಿಂಗ್. ಈ ಗಾಡಿಗೆ ಹಿಂದಿನ ಕ್ಯಾಮೆರಾ ಇದೆಯೇ, ಸ್ಪೀಕರ್ ಎಷ್ಟು, ಸ್ಟೀರಿಂಗ್ ಮೇಲೆ ಬಟನ್ ಇವೆಯೇ, ಸ್ಟೀರಿಂಗ್ ಎಡಕ್ಕೋ ಬಲಕ್ಕೋ, ಇದನ್ನೆಲ್ಲ ಸೆಟ್ಟಿಗೆ ಹೇಳಿಕೊಡಬೇಕು. ಪ್ರೋಗ್ರಾಂ ಬರೆಯುವ ಮಾತೇ ಇಲ್ಲ, ಹೌದು ಇಲ್ಲ ಆರಿಸುವುದು ಅಷ್ಟೇ. ತಿರುಗಿ ಗಾಡಿಗೂ ಹೇಳಬೇಕು, ನಿನ್ನಲ್ಲಿ ಈಗ ನ್ಯಾವಿಗೇಷನ್ ಇದೆ ಅಂತ. ಹೇಳದೆ ಬಿಟ್ಟರೆ ಸೆಟ್ ಹತ್ತಿಕೊಂಡರೂ ಉಳಿದ ಕಂಟ್ರೋಲ್ ಯೂನಿಟ್‌ಗಳು ಇದ್ಯಾರು ಹೊಸಬ ಅಂತ ಎರರ್ ಬರೆದಿಡುತ್ತವೆ. ಎಲ್ಲ ‘ಕ್ಯಾನ್’ ಅನ್ನುವ ಗಾಡಿಯೊಳಗಿನ ಜಾಲದಲ್ಲಿ ಮಾತಾಡುವವು ತಾನೇ.

ಇನ್ನು ಉಳಿದದ್ದು, ಗಾಡಿಯ 17 ಅಕ್ಷರದ ನಂಬರಿಗೆ ಸೆಟ್ಟನ್ನು ಗಂಟು ಹಾಕುವುದು. ಇದು ಕಳ್ಳತನದ ಭಯಕ್ಕೆ ಮಾಡಿದ ಏರ್ಪಾಡು. ಬೇರೆ ಗಾಡಿಯಿಂದ ಬಿಚ್ಚಿ ತಂದ ಸೆಟ್ಟಾದರೆ ಆ ಗಾಡಿಯ ನಂಬರೇ ಒಳಗೆ ಕೂತಿರುತ್ತದೆ. ಹಾಗಾಗಿ ಎಷ್ಟೋ ಸೆಟ್‌ಗಳು ಪರದೆಯ ಮೇಲೆ ‘ಲಾಕ್’ ಅಂತ ತೋರಿಸಿ ಸುಮ್ಮನಾಗುತ್ತವೆ. ಬಿಡಿಸಲು ಗಾಡಿ ಕಂಪನಿಯ ಸರ್ವರ್‌ಗೇ ಹೋಗಬೇಕಾಗಬಹುದು. ಒಂದು ವಿಷಯ ಕೈಪಿಡಿಗೆ ಸೇರಿಸಿ: ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ. 1ಕ್ಕೂ 0ಗೂ ಗೊಂದಲ ಆಗಬಾರದು ಅಂತ ಬಿಟ್ಟಿದ್ದಾರೆ. ಜನ ಸೊನ್ನೆ ಬದಲು ಓ ಒತ್ತಿ, ಸ್ಕ್ಯಾನರ್ ಕೆಟ್ಟಿದೆ ಅಂತಾರೆ.

ಮರು:

ಇದು ಉತ್ತರ ಅಂದರೆ. ಹಾಗಾದರೆ ‘ಕ್ರಮವಿಧಿ’ ಇಲ್ಲಿ ತಪ್ಪೇ ಹೌದು. ಅದು ಬರೆದ ಪ್ರೋಗ್ರಾಂಗೆ ಹೆಸರು. ಇಲ್ಲಿ ಯಾರೂ ಬರೆಯುತ್ತಿಲ್ಲ. ನನ್ನ ಸಲಹೆ: ಫ್ಲಾಶ್‌ಗೆ ‘ಸಾಫ್ಟ್‌ವೇರ್ ತುಂಬು’, ಕೋಡಿಂಗ್‌ಗೆ ‘ಗಾಡಿಗೆ ಹೊಂದಿಸು’, ಮೂರನೆಯದಕ್ಕೆ ‘ಗಾಡಿ ನಂಬರಿಗೆ ಜೋಡಿಸು’. ತಲೆಬರಹದಲ್ಲಿ ಮೂರಕ್ಕೂ ಸೇರಿ ‘ಹೊಂದಿಸುವುದು’ ಸಾಕು.

‘ಅನುಸ್ಥಾಪನೆ’ ಕಂಪ್ಯೂಟರ್ ಕನ್ನಡದವರ ಪದ. ಸ್ಥಾಪಿಸುವುದು ಸಂಘ ಸಂಸ್ಥೆಗಳನ್ನು. ಇದಕ್ಕೆ ‘ಅಳವಡಿಸು’ ಇದೆ, ಕೈಕೆಲಸಕ್ಕೆ ಸರಿಯಾಗಿ ಕೂರುತ್ತದೆ.

ಮರು:

ಸರ್, ಮೂರು ಕೆಲಸ ಬಿಡಿಸಿ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಮೂಲದಲ್ಲಿ ಎಲ್ಲದಕ್ಕೂ ಒಂದೇ ಪದ ಇದ್ದದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಸದ್ಯಕ್ಕೆ ‘ಕಂಪನಿ ನ್ಯಾವಿಗೇಷನ್ ಸೆಟ್: ಅಳವಡಿಸಿ ಗಾಡಿಗೆ ಹೊಂದಿಸುವುದು’ ಅಂತ ಇಟ್ಟುಕೊಂಡಿದ್ದೇನೆ.

ಹಳೆಯ ಅನುವಾದದಲ್ಲಿ ಇನ್ನೂ ಎರಡು ಕಡೆ ಎಡವಿದೆ. ಒಂದು ‘ನೀಲವರ್ಣದ ಫಕ್ರಾ ಸಂಯೋಜಕ’. ಇನ್ನೊಂದು, ಸುರಂಗದಲ್ಲಿ ಹೋಗುವಾಗ ಸೆಟ್ ‘ಸತ್ತ ಲೆಕ್ಕ’ ಬಳಸುತ್ತದಂತೆ. ಯಾರ ಸಾವು, ಯಾವ ಲೆಕ್ಕ?

ಮರು:

ನೀಲಿ ಕಪ್ಲರ್ ಅನ್ನಿ. ಆಂಟೆನಾ ಕಪ್ಲರ್‌ಗಳಿಗೆ ಬಣ್ಣ ಗೊತ್ತುಮಾಡಿದ್ದಾರೆ, ನೀಲಿ ಜಿಪಿಎಸ್‌ನದು. ಒಳಗಿನ ಕಚ್ಚುಗಳೂ ಬೇರೆ ಬೇರೆ, ಹಾಗಾಗಿ ತಪ್ಪು ಜಾಗಕ್ಕೆ ಸುಲಭವಾಗಿ ಹೋಗುವುದಿಲ್ಲ. ಹೋಗಲಿಲ್ಲ ಅಂದರೆ ಒತ್ತಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ ಅಂತಲೂ ಹಾಕಿ. ‘ಋಣ ಧ್ರುವ’ ಅಂದರೆ ಯಾರೂ ತೆಗೆಯುವುದಿಲ್ಲ.

ಮರು:

ಫಕ್ರಾ ಅರಬ್ಬಿ ಪದ ಇರಬೇಕಲ್ಲವೇ? ‘ಫಕ್ರ್’ ಅಂದರೆ ಹೆಮ್ಮೆ.

ಮರು:

ಅಲ್ಲ. ಜರ್ಮನಿಯ ವಾಹನ ಉದ್ಯಮದ ಮಾನದಂಡ ಸಮಿತಿಯೊಂದರ ಹೆಸರಿನ ಮೊಟಕು. ಸದ್ದು ಕೇಳಿ ಕುಲ ಹೇಳುವ ಚಟ ಬಿಡಿ.

ಮರು:

‘ಕಂಪನಿ ಸೆಟ್’ ನನಗೆ ಒಪ್ಪಿಗೆ ಇಲ್ಲ. ಯಾವ ಕಂಪನಿ? ಹೊರಗಿನ ಸೆಟ್ಟನ್ನೂ ಯಾವುದೋ ಒಂದು ಕಂಪನಿಯೇ ಮಾಡಿರುತ್ತದೆ. ಗಾಡಿಯವರ ಸೆಟ್ಟನ್ನೂ ಎಷ್ಟೋ ಸಲ ಬೇರೆಯವರೇ ಮಾಡಿಕೊಟ್ಟು, ಮೇಲೆ ಗಾಡಿಯವರ ಹೆಸರು ಇರುತ್ತದೆ. ಪದ ಹೇಳಬೇಕಾದ್ದನ್ನು ಹೇಳುತ್ತಿಲ್ಲ. ಮೇಲಾಗಿ ಕಂಪನಿ ಇಂಗ್ಲಿಷ್, ಸೆಟ್ ಇಂಗ್ಲಿಷ್, ನ್ಯಾವಿಗೇಷನ್ ಇಂಗ್ಲಿಷ್. ತಲೆಬರಹದಲ್ಲಿ ಕನ್ನಡ ಉಳಿದದ್ದು ಬಾಲಕ್ಕೆ ಮಾತ್ರ. ‘ತಯಾರಕರ’ ಅಂತ ಯಾಕೆ ಬೇಡ?

ಮರು:

‘ತಯಾರ್’ ನಮಗೆ ಬಂದದ್ದು ಪಾರ್ಸಿ ಕಡೆಯಿಂದ. ಕಾರ್ಖಾನೆಯೂ ಪಾರ್ಸಿ. ನೀವು ಗಾಡಿ ಓಡಿಸುವ ರಸ್ತೆಯೂ ಪಾರ್ಸಿ. ಗಾಡಿಯ ಚಾವಿ ಪೋರ್ಚುಗೀಸ್. ಇವನ್ನೆಲ್ಲ ನಾವು ಯಾವಾಗ ತಂದೆವು ಅಂತ ಯಾರಿಗೂ ನೆನಪಿಲ್ಲ, ಅದಕ್ಕೇ ಕನ್ನಡ ಅನ್ನಿಸುತ್ತವೆ. ಕಂಪನಿ ಸ್ವಲ್ಪ ತಡವಾಗಿ ಬಂತು, ಅಷ್ಟೇ ಅದರ ತಪ್ಪು. ಜನರ ಬಾಯಲ್ಲಿ ‘ಕಂಪನಿದಾ, ಹೊರಗಿನದಾ?’ ಅಂತ ಒಂದು ಜೋಡಿ ಆಗಲೇ ನಿಂತಿದೆ. ಆ ಜೋಡಿಯೊಳಗೆ ಕಂಪನಿ ಅಂದರೆ ಗಾಡಿ ಕಂಪನಿಯೇ. ನಿಘಂಟು ಬಿಚ್ಚಿ ಅದನ್ನು ಒಡೆಯಬೇಡಿ.

ಮರು:

ಪಾರ್ಸಿ, ಪೋರ್ಚುಗೀಸ್ ಪಟ್ಟಿ ಓದುವುದು ಸುಲಭ. ಆ ಪದಗಳು ಕನ್ನಡದ ಬಾಯಿಗೆ ಬಗ್ಗಿ ಬಂದವು, ಕೊನೆಗೆ ಸ್ವರ ಹಚ್ಚಿಕೊಂಡವು, ವಿಭಕ್ತಿಗೆ ಒಗ್ಗಿದವು. ‘ನ್ಯಾವಿಗೇಷನ್‌ನಲ್ಲಿನ’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ‘ದಾರಿತೋರುಕದಲ್ಲಿ’ ಅನ್ನಿ. ನಾಲಗೆಗೇ ಗೊತ್ತಾಗುತ್ತದೆ.

ಮರು:

ನಾಲಗೆಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪರದೆಯ ಮೇಲೆ ‘ನ್ಯಾವಿಗೇಷನ್’ ಅಂತ ಇದ್ದು ಕೈಪಿಡಿಯಲ್ಲಿ ‘ದಾರಿತೋರುಕ ಒತ್ತಿ’ ಅಂತ ಇದ್ದರೆ ಓದುವವನು ಏನನ್ನು ಒತ್ತಬೇಕು? ಮೊದಲು ಪರದೆ ಬದಲಾಗಲಿ, ಆಮೇಲೆ ಕೈಪಿಡಿ. ಅಷ್ಟಕ್ಕೂ ಹೊಸದಾಗಿ ಕಟ್ಟುವ ಹಟವೇ ಇದ್ದರೆ ‘ಕೈಮರ’ ಅಂತ ಒಳ್ಳೆಯ ಪದ ಇತ್ತು, ಕವಲುದಾರಿಯಲ್ಲಿ ಊರಿನ ದಿಕ್ಕು ತೋರಿಸುವ ಕಂಬ. ಅದನ್ನು ಯಾರೂ ನೆನೆಯಲಿಲ್ಲ, ‘ಹಮ್ಮುಗೆ’ ಮಾತ್ರ ನೆನಪಿಗೆ ಬಂತು.

ಮರು:

ಜಗಳದಲ್ಲಿ ‘ಸತ್ತ ಲೆಕ್ಕ’ ಮರೆತೇ ಹೋಯಿತು. ಅದು ‘ಡೆಡ್ ರೆಕನಿಂಗ್’. ಇದೂ ಹಡಗಿನವರದೇ. ಹೊರಟ ಜಾಗ, ವೇಗ, ದಿಕ್ಕು, ಕಳೆದ ಹೊತ್ತು, ಇಷ್ಟು ಹಿಡಿದು ಈಗ ಎಲ್ಲಿದ್ದೇವೆ ಅಂತ ಅಂದಾಜು ಮಾಡುವುದು. ಜಾಗವನ್ನು ಸರಿಯಾಗಿ ಗೊತ್ತುಮಾಡಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಸುರಂಗದಲ್ಲಿ ಒಂದೂ ಕಾಣುವುದಿಲ್ಲ. ಆಗ ಸೆಟ್ ಚಕ್ರದ ವೇಗವನ್ನೂ, ತಿರುವು ಅಳೆಯುವ ಗೈರೋವನ್ನೂ ನೋಡಿ ಬಾಣದ ಗುರುತನ್ನು ಮುಂದೆ ಸರಿಸುತ್ತದೆ. ಕಂಪನಿ ಸೆಟ್ಟಿಗೆ ಚಕ್ರದ ವೇಗ ಗಾಡಿಯಿಂದಲೇ ಸಿಗುತ್ತದೆ, ಬರೀ ಫೋನಿಗೆ ಅದಿಲ್ಲ. ಇಷ್ಟು ತಾಪತ್ರಯ ಪಟ್ಟು ಕಂಪನಿ ಸೆಟ್ಟನ್ನೇ ಹಾಕಿಸಲು ಇದೂ ಒಂದು ಕಾರಣ. ಆದರೆ ಕೋಡಿಂಗ್ ತಪ್ಪಿ ವೇಗ ಬರದೇ ಇದ್ದರೆ ಗುರುತು ಸುರಂಗದ ಬಾಯಲ್ಲೇ ನಿಂತುಬಿಡಬಹುದು.

‘ಡೆಡ್’ ಅನ್ನುವುದು ‘ಡಿಡ್ಯೂಸ್ಡ್’ನ ಮೊಟಕು ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಅದು ಆಮೇಲೆ ಕಟ್ಟಿದ ಕತೆ. ಹಳೆಯ ಬಳಕೆಯಲ್ಲಿ ‘ಡೆಡ್’ ಅಂತಲೇ ಇದೆ. ಕನ್ನಡಕ್ಕೆ ‘ನಡೆಲೆಕ್ಕ’ ಅಂದರೆ ಹೇಗೆ?

ಮರು:

‘ಲೆಕ್ಕ’ ಸಂಸ್ಕೃತದಿಂದ ಬಂದದ್ದು. ‘ನಡೆಯೆಣಿಕೆ’.

ಮರು:

ತದ್ಭವಕ್ಕೂ ಗೇಟ್ ಹಾಕಿದರೆ ಒಳಗೆ ಉಳಿಯುವವರು ಯಾರು ಸ್ವಾಮಿ?

ಮರು:

ಇನ್ನೊಂದು ಎಚ್ಚರಿಕೆ, ಪದದ್ದಲ್ಲ. ಹೊಸದಾಗಿ ಕೂರಿಸಿದ ಸೆಟ್ ಮೊದಲ ಸಲ ಉಪಗ್ರಹ ಹುಡುಕಲು ಹೊತ್ತು ತೆಗೆದುಕೊಳ್ಳುತ್ತದೆ. ಜಿಪಿಎಸ್ ಕಳಿಸುವ ಪೂರ್ತಿ ಸಂದೇಶ ಒಂದು ಸುತ್ತು ಬರಲು 12.5 ನಿಮಿಷ ಬೇಕು. ಗಾಡಿಯನ್ನು ಸೂರಿನಿಂದ ಆಚೆ ತಂದು ನಿಲ್ಲಿಸಿ ಅಂತ ಬರೆಯಿರಿ. ತುಂಬಾ ಹಳೆಯ ಸೆಟ್ಟಾದರೆ ತಾರೀಕು ಹತ್ತೊಂಬತ್ತು ಇಪ್ಪತ್ತು ವರ್ಷ ಹಿಂದಿನದು ತೋರಿಸಬಹುದು. ಜಿಪಿಎಸ್ ವಾರದ ಎಣಿಕೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, 2019ರ ಏಪ್ರಿಲ್‌ನಲ್ಲಿ ಮರಳಿತ್ತು. ಅದು ಹೊಂದಿಸಿದವನ ತಪ್ಪಲ್ಲ, ಸಾಫ್ಟ್‌ವೇರ್ ಹೊಸದು ತುಂಬಬೇಕು.

ಮರು:

ಎಲ್ಲ ಸೇರಿಸಿದೆ. ‘ನಡೆಲೆಕ್ಕ’ ನನಗೆ ಇಷ್ಟವಾಯಿತು, ಆದರೆ ಬಿಡಿಸಿ ಹೇಳಲು ಆ ಪುಟದಲ್ಲಿ ಜಾಗ ಇಲ್ಲ. ‘ಉಪಗ್ರಹ ಸಿಗದಾಗ ಸೆಟ್ ಅಂದಾಜಿನ ಮೇಲೆ ದಾರಿ ತೋರಿಸುತ್ತದೆ’ ಅಂತ ಹಾಕಿ ಫೈಲ್ ಕಳಿಸಿಬಿಟ್ಟೆ.

ಮರು:

ನವಗತಿ ಅಂದಾಗ ಎಲ್ಲರೂ ಮೈಮೇಲೆ ಬಿದ್ದಿರಿ. ಈಗ ‘ಉಪಗ್ರಹ’ ಅಚ್ಚ ಸಂಸ್ಕೃತ, ಅದಕ್ಕೆ ಒಬ್ಬರದೂ ತಕರಾರು ಇಲ್ಲವಲ್ಲ?

ಮರು:

ತಕರಾರು ಅರಬ್ಬಿ.