‘ಸರಾಸರಿ ದೂರ’ ಎಂದರೆ ಯಾವ ಸರಾಸರಿ? ‘ಅಪರವಿ’ಗೆ ‘ಉಚ್ಚ’ ಎನ್ನಬಹುದೇ?

ಪ್ರಶ್ನೆ: ಗ್ರಹಗಳ ಪಟ್ಟಿಗಳಲ್ಲಿ ಬುಧನ ‘ಸೂರ್ಯನಿಂದ ಸರಾಸರಿ ದೂರ’ 5.79 ಕೋಟಿ ಕಿ.ಮೀ. ಎಂದಿರುತ್ತದೆ. ದಿನದಿನದ ದೂರಗಳನ್ನು ಕೂಡಿ ಭಾಗಿಸಿದರೆ ಬರುವುದು ಇದೇನಾ? ಅತಿ ದೂರದ ಬಿಂದುವಿಗೆ ‘ಅಪರವಿ’ ಬದಲು ಹಳೆಯ ‘ಉಚ್ಚ’ ಬಳಸಿದರೆ ತಪ್ಪೇ?

ಉತ್ತರ: ಇದಲ್ಲ. 5.79 ಎನ್ನುವುದು ಅರ್ಧ ದೀರ್ಘಾಕ್ಷ, ಅಂದರೆ ದೀರ್ಘವೃತ್ತದ ಕಕ್ಷೆಯ ಉದ್ದನೆಯ ಅಡ್ಡಳತೆಯ ಅರ್ಧ. ಪುರರವಿಯ (ಸೂರ್ಯನಿಗೆ ಅತಿ ಹತ್ತಿರದ ಬಿಂದು) 4.60, ಅಪರವಿಯ 6.98 ಎರಡನ್ನೂ ಕೂಡಿ ಅರ್ಧ ಮಾಡಿ, ಅಷ್ಟೇ ಬರುತ್ತದೆ. ದಿನಕ್ಕೊಂದರಂತೆ ದೂರ ಬರೆದಿಟ್ಟು ಸರಾಸರಿ ತೆಗೆದರೆ ಸಿಗುವುದು ಸುಮಾರು 5.91 ಕೋಟಿ. ಬುಧ ಪುರರವಿಯಲ್ಲಿ ಸೆಕೆಂಡಿಗೆ 59 ಕಿ.ಮೀ. ಓಡುತ್ತದೆ, ಅಪರವಿಯಲ್ಲಿ 39 ಮಾತ್ರ; ಹಾಗಾಗಿ ದೂರದಲ್ಲಿರುವ ದಿನಗಳೇ ಹೆಚ್ಚು. ಈ ಕಾಲ-ಸರಾಸರಿಗೆ ಸೂತ್ರ: ಅರ್ಧ ದೀರ್ಘಾಕ್ಷ × (1 + ಉತ್ಕೇಂದ್ರತೆ² ÷ 2). ಉತ್ಕೇಂದ್ರತೆ ಎಂದರೆ ಕಕ್ಷೆ ವೃತ್ತಾಕಾರದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ; ವೃತ್ತಕ್ಕೆ ಅದು 0.

ಭೂಮಿಯ ಉತ್ಕೇಂದ್ರತೆ 0.0167 ಆದ್ದರಿಂದ ಎರಡರ ಅಂತರ ಬರೀ 21 ಸಾವಿರ ಕಿ.ಮೀ.; ಯಾರಿಗೂ ಗೊತ್ತಾಗುವುದಿಲ್ಲ. ಹ್ಯಾಲಿ ಧೂಮಕೇತುವಿನಲ್ಲಿ ಗುಟ್ಟು ರಟ್ಟಾಗುತ್ತದೆ. ಅದರ ಅರ್ಧ ದೀರ್ಘಾಕ್ಷ 17.8 ಖಗೋಳಮಾನ (ಒಂದು ಖಗೋಳಮಾನ ಸುಮಾರು 15 ಕೋಟಿ ಕಿ.ಮೀ.), ಉತ್ಕೇಂದ್ರತೆ 0.967, ಕಾಲ-ಸರಾಸರಿ ದೂರ 26ರ ಆಸುಪಾಸು. ಕೆಪ್ಲರನ ಮೂರನೆಯ ನಿಯಮಕ್ಕೆ (ವರ್ಷಗಳಲ್ಲಿ ಸುತ್ತುವ ಅವಧಿಯ ವರ್ಗ = ಖಗೋಳಮಾನದಲ್ಲಿ ಅರ್ಧ ದೀರ್ಘಾಕ್ಷದ ಘನ) 17.8 ಹಾಕಿದರೆ ಅವಧಿ 75 ವರ್ಷ, ಸರಿ. 26 ಹಾಕಿದರೆ 130 ವರ್ಷ ದಾಟುತ್ತದೆ! ಬರೆಯುವಾಗ ‘ಅರ್ಧ ದೀರ್ಘಾಕ್ಷ’ ಎಂದೇ ಬರೆಯುವುದು ಲೇಸು.

ಯಾವುದೋ ಒಂದು ಹೊತ್ತಿನ ದೂರ ಬೇಕಿದ್ದರೆ: ಅರ್ಧ ದೀರ್ಘಾಕ್ಷ × (1 − ಉತ್ಕೇಂದ್ರತೆ²) ÷ (1 + ಉತ್ಕೇಂದ್ರತೆ × ಕೋನದ ಕೊಸೈನ್). ಕೋನವನ್ನು ಪುರರವಿಯಿಂದ, ಸೂರ್ಯನಿರುವ ನಾಭಿಯಲ್ಲಿ ಅಳೆಯಬೇಕು, ದೀರ್ಘವೃತ್ತದ ನಡುವಿನಲ್ಲಲ್ಲ. ಕಾಲು ಅವಧಿ ಕಳೆಯಿತೆಂದು 90° ಹಾಕುವುದು ಮಾಮೂಲಿ ತಪ್ಪು. ಅಷ್ಟರಲ್ಲಿ ಬುಧ 90° ದಾಟಿ ಮುಂದೆ ಹೋಗಿರುತ್ತದೆ. ನಿಜವಾದ 90°ಯಲ್ಲಿ ಅದರ ದೂರ 5.55 ಕೋಟಿ.

ಇನ್ನು ‘ಉಚ್ಚ’. ಸಿದ್ಧಾಂತ ಗಣಿತದಲ್ಲಿ, ಅಂದರೆ ಭಾರತದ ಹಳೆಯ ಖಗೋಳ ಗಣಿತದಲ್ಲಿ, ರವಿಯ ‘ಮಂದೋಚ್ಚ’ ಎಂದರೆ ದೂರದ ಬಿಂದುವೇ. ಅದು ಮಿಥುನದಲ್ಲಿ ಬರುತ್ತದೆ, ಜುಲೈ ಮೊದಲ ವಾರದ ನಮ್ಮ ಅಪರವಿಗೆ (15.21 ಕೋಟಿ ಕಿ.ಮೀ.) ಹೊಂದುತ್ತದೆ. ಆದರೆ ಜಾತಕದವರ ‘ರವಿ ಉಚ್ಚ’ ಮೇಷದ 10°, ಅಂದರೆ ಏಪ್ರಿಲ್ ಕೊನೆ. ಅದಕ್ಕೂ ದೂರಕ್ಕೂ ಸಂಬಂಧವೇ ಇಲ್ಲ. ಬರೀ ‘ಉಚ್ಚ’ ಎಂದರೆ ಓದುಗರ ಮನಸ್ಸು ಹೋಗುವುದು ಅಲ್ಲಿಗೇ. ‘ಮಂದೋಚ್ಚ’ ಎಂದು ಪೂರ್ತಿ ಬರೆಯುವುದಾದರೆ ನನ್ನ ತಕರಾರಿಲ್ಲ. ‘ಕೇಂದ್ರ’ದಲ್ಲೂ ಇದೇ ತೊಡಕು: ಹಳೆಯ ಗಣಿತದಲ್ಲಿ ಅದು ಉಚ್ಚಕ್ಕೂ ಗ್ರಹಕ್ಕೂ ನಡುವಿನ ಕೋನ, ಕಕ್ಷೆಯ ನಡುಬಿಂದುವಲ್ಲ.