‘ರಾಜೀನಾಮೆ’: ಹುದ್ದೆಗೋ, ಹುದ್ದೆಯಿಂದಲೋ?

ಮಾನ್ಯರೇ,

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರ ಬಿಟ್ಟ ಪ್ರಸಂಗವನ್ನು ಕುರಿತು ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರ ಮಕ್ಕಳಿಗಾಗಿ ಟಿಪ್ಪಣಿ ಬರೆಯುತ್ತಿದ್ದೆ. ಇಲ್ಲಿನ ನಾಯಕರನ್ನು ಒಂದು ಮಾತೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ಅವರು 1939ರ ಸೆಪ್ಟೆಂಬರ್ 3ರಂದು ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ್ದನ್ನು ಒಪ್ಪದೆ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಆ ಮಂತ್ರಿಮಂಡಲಗಳು ‘ರಾಜೀನಾಮೆ ಕೊಟ್ಟವು’ ಎಂದು ಬರೆದು, ಆ ಪದದ ಬಳಿಯೇ ನಿಂತುಬಿಟ್ಟೆ. ಅರಬ್ಬಿಯಿಂದ ಫಾರಸಿಗೆ ಬಂದ ‘ರಾಜೀ’ ಎಂದರೆ ಒಪ್ಪಿದವನು. ‘ನಾಮೆ’ ಎಂದರೆ ಬರಹ, ನಮ್ಮ ಪಂಚನಾಮೆ, ಕರಾರುನಾಮೆಗಳಲ್ಲಿರುವುದೇ. ಹಾಗಾದರೆ ಒಪ್ಪೆವು ಎಂದು ಹೊರಬಂದವರು ಬರೆದುಕೊಟ್ಟದ್ದು ಒಪ್ಪಿಗೆಯ ಪತ್ರವನ್ನೇ?

ಹಿಂದಿಯಲ್ಲಿ ಈ ತೊಡಕಿಲ್ಲ. ಅಲ್ಲಿ ‘ರಾಜೀನಾಮಾ’ ಎಂದರೆ ವಾದಿ ಪ್ರತಿವಾದಿಗಳ ಹೊಂದಾಣಿಕೆಯ ಪತ್ರ; ಹುದ್ದೆ ಬಿಡುವುದಕ್ಕೆ ‘ಇಸ್ತೀಫಾ’ ಎಂಬ ಬೇರೆಯೇ ಪದವಿದೆ. ಮರಾಠಿ, ತೆಲುಗು, ತಮಿಳುಗಳು ನಮ್ಮ ಜೊತೆಗಿವೆ. ಬಾಗೇಪಲ್ಲಿಯ ಕಡೆ ಮನೆಯಲ್ಲಿ ತೆಲುಗಾಡುವವರಿಗೂ ಹುದ್ದೆ ಬಿಡುವುದೆಂದರೆ ರಾಜೀನಾಮೆಯೇ. ಹಳೆಯ ಅರ್ಥವಾದರೂ ನಮ್ಮಲ್ಲಿ ಸತ್ತಿಲ್ಲ, ‘ಇಬ್ಬರೂ ರಾಜಿಯಾದರು’ ಎಂಬಲ್ಲಿ ಹ್ರಸ್ವವಾಗಿ ಉಳಿದುಕೊಂಡಿದೆ. ಅರ್ಥ ಹೊರಳಿದ್ದು ಕಂದಾಯದ ವ್ಯವಹಾರದಲ್ಲಿ ಎಂದು ನನಗೆ ತೋರುತ್ತದೆ. ರೈತನು ತನ್ನ ಹಿಡುವಳಿಯನ್ನು ಬಿಟ್ಟುಕೊಡಲು ಒಪ್ಪಿ ಬರೆದುಕೊಡುತ್ತಿದ್ದದ್ದು ರಾಜೀನಾಮೆ, ಅದನ್ನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದದ್ದು ಕಬೂಲಾಯತಿ. ಜಮೀನನ್ನು ಬಿಡುವ ಪತ್ರವೇ ಮುಂದೆ ಪದವಿಯನ್ನು ಬಿಡುವ ಪತ್ರವೂ ಆಗಿರಬೇಕು.

ವಿಭಕ್ತಿಯ ವಿಷಯಕ್ಕೂ ಇದು ಸಂಬಂಧಿಸಿದೆ. ನಾವು ‘ಹುದ್ದೆಗೆ ರಾಜೀನಾಮೆ’ ಎನ್ನುತ್ತೇವೆ, ಚತುರ್ಥಿ. ಈಚೆಗೆ ಪತ್ರಿಕೆಗಳಲ್ಲಿ ‘ಹುದ್ದೆಯಿಂದ ರಾಜೀನಾಮೆ’ ಎಂದೂ ಕಾಣುತ್ತಿದೆ. ಅದು ಇಂಗ್ಲಿಷಿನ ನೆರಳೆಂದು ನನ್ನ ಗುಮಾನಿ. ‘ಸಂಪುಟದಿಂದ ಹೊರಬಂದರು’ ಎಂಬುದು ಸರಿ, ಏಕೆಂದರೆ ಅಲ್ಲಿ ಬರುವ ಕ್ರಿಯೆ ಇದೆ. ರಾಜೀನಾಮೆಯಲ್ಲಿರುವುದು ಕೊಡುವ ಕ್ರಿಯೆ. ಮಕ್ಕಳ ಟಿಪ್ಪಣಿಯಲ್ಲಿ ಚತುರ್ಥಿಯನ್ನೇ ಇಟ್ಟಿದ್ದೇನೆ.

‘ಪದತ್ಯಾಗ’ ಎಂದು ಬರೆದರೆ ಒಪ್ಪಿಗೆಯ ಗೊಂದಲ ತಪ್ಪುತ್ತದೆ ಎಂದು ಸ್ನೇಹಿತರೊಬ್ಬರ ಸಲಹೆ. ಆದರೆ ತ್ಯಾಗ ಎಂದೊಡನೆ ಹೊಗಳಿಕೆಯೂ ಸೇರಿಬಿಡುತ್ತದೆ. ಗಾಂಧೀಜಿಯವರ ಉಪವಾಸದ ಸಂದರ್ಭದಲ್ಲಿ, 1943ರ ಫೆಬ್ರವರಿಯಲ್ಲಿ, ವೈಸರಾಯರ ಕಾರ್ಯಕಾರಿ ಮಂಡಲಿಯನ್ನು ಬಿಟ್ಟ ಅಣೆ, ಮೋದಿ, ಸರ್ಕಾರ್ ಅವರಿಗೆ ಆ ಪದ ಒಪ್ಪೀತು. ಚೀನಾ ಯುದ್ಧದ ನಡುವೆ, 1962ರ ನವೆಂಬರಿನಲ್ಲಿ, ಸ್ವಪಕ್ಷದವರ ಒತ್ತಡದಿಂದಲೇ ಸಂಪುಟ ಬಿಡಬೇಕಾದ ಕೃಷ್ಣ ಮೆನನ್ನರದು ತ್ಯಾಗವೆಂದು ಹೇಗೆ ಬರೆಯುವುದು? ಇಂಥಲ್ಲಿ ಕನ್ನಡದ ಕ್ರಿಯಾಪದವೇ ಸಾಕಷ್ಟು ಹೇಳುತ್ತದೆ: ಕೊಟ್ಟರು, ಕೊಡಬೇಕಾಯಿತು, ಕೊಡಿಸಿದರು, ಪಡೆದರು. ನಾಮಪದ ಬದಲಾಗಬೇಕಾಗಿಲ್ಲ.

ಯುದ್ಧಕಾಲದಲ್ಲಿ ಯಾರು ಬಿಟ್ಟರು ಎಂಬುದರ ಮೇಲೆ ಪದ ಬದಲಾಗುವುದು ಮಾತ್ರ ನಿಜ. ಮಂತ್ರಿ ಬಿಟ್ಟರೆ ರಾಜೀನಾಮೆ. ಸಿಪಾಯಿ ಹೇಳದೆ ಕೇಳದೆ ಬಿಟ್ಟರೆ ಪಲಾಯನ, 1950ರ ಸೇನಾ ಕಾಯಿದೆಯ ಪ್ರಕಾರ ಸಕ್ರಿಯ ಸೇವೆಯಲ್ಲಿದ್ದಾಗ ಹಾಗೆ ಮಾಡಿದವನಿಗೆ ಮರಣದಂಡನೆಯನ್ನೂ ವಿಧಿಸಬಹುದು. ಭಾರತದ ಕಥೆಯಲ್ಲಿ ಯುದ್ಧಕ್ಕೆ ಮುನ್ನವೇ ವಿದುರ ಬಿಲ್ಲು ಮುರಿದದ್ದು ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದಕ್ಕೆ ‘ಬಿಲ್ಲು ಮುರಿದ’ ಎಂಬುದೇ ಸಾಕು.

ಕೊನೆಗೆ ನನ್ನ ಪ್ರಶ್ನೆ. ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರು 1912ರಿಂದ ದಿವಾನರಾಗಿದ್ದು, ಮೊದಲ ಮಹಾಯುದ್ಧ ಮುಗಿದ ವರ್ಷವಾದ 1918ರಲ್ಲಿ ಆ ಪದವಿಯಿಂದ ಹೊರಬಂದರು. ನೌಕರಿಗಳಲ್ಲಿ ಹಿಂದುಳಿದವರಿಗೆ ಮೀಸಲಿಡುವ ವಿಷಯದಲ್ಲಿ ಮಹಾರಾಜರೊಡನೆ ಇದ್ದ ಭಿನ್ನಾಭಿಪ್ರಾಯ ಅದಕ್ಕೆ ಕಾರಣ. ಇದನ್ನು ನಮ್ಮ ಮನೆಯ ಹಿರಿಯರು ಹೇಳುವಾಗ ರಾಜೀನಾಮೆ ಎಂದದ್ದನ್ನು ನಾನು ಕೇಳಿಲ್ಲ. ‘ದಿವಾನಗಿರಿ ಬಿಟ್ಟರು’ ಎಂದಷ್ಟೇ ಅನ್ನುತ್ತಿದ್ದರು. ಪಟೇಲಿಕೆ, ಶಾನುಭೋಗಿಕೆಗಳಿಗೂ ಹಾಗೆಯೇ, ‘ಬಿಟ್ಟರು’. ನಿಮ್ಮ ಮನೆಗಳಲ್ಲಿ ಶಾನುಭೋಗರ ಹಳೆಯ ಕಾಗದಪತ್ರಗಳಿದ್ದರೆ, ಅವುಗಳಲ್ಲಿ ‘ರಾಜೀನಾಮೆ’ ಜಮೀನಿಗೆ ಮಾತ್ರ ಬಂದಿದೆಯೇ, ಹುದ್ದೆಗೂ ಬಂದಿದೆಯೇ, ಬಂದಿದ್ದರೆ ಯಾವ ವರ್ಷದ ಕಾಗದದಲ್ಲಿ ಎಂಬುದನ್ನು ದಯವಿಟ್ಟು ನೋಡಿ ತಿಳಿಸಬೇಕಾಗಿ ಕೋರುತ್ತೇನೆ.